ಗೋಂದು ಕೇಶವಮೂರ್ತಿಯ ಹಸಿರು ಕೋಟು

ಡರ್ಹಮ್ಮಿನ ಕನ್ನಡಿಗರು ಕೇಶವಮೂರ್ತಿಯವರಿಗೆ ಇಟ್ಟ ಹೆಸರು ಗೋಂದು. ಇಪ್ಪತ್ತಾರು ವರ್ಷ ಅವರು ಒಂದು ಲ್ಯಾಬಿನಲ್ಲಿ ಲಕೋಟೆಗೆ ಹಚ್ಚುವ ಅಂಟು ತಯಾರಿಸಿದ್ದರು. ಅದಲ್ಲದೆ, ಯುಗಾದಿ ಊಟದಲ್ಲಿ ಪಕ್ಕಕ್ಕೆ ಬಂದು ಕೂತರೆಂದರೆ ಹೋಳಿಗೆ ಖಾಲಿಯಾದರೂ ಬಿಡುತ್ತಿರಲಿಲ್ಲ. ನಾನು ೧೯೯೫ರಲ್ಲಿ ಕೆಲಸದ ವೀಸಾದ ಮೇಲೆ ಬಂದು ಅವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಹಾಗಾಗಿ ನನಗೆ ಗಟ್ಟಿಯಾಗಿಯೇ ಅಂಟಿದ್ದರು.

ಅದೇ ವರ್ಷ ಲ್ಯಾಬು ಅವರನ್ನು ಮನೆಗೆ ಕಳಿಸಿತು. ಹೆಂಡತಿ ವಸಂತಾ ಆಂಟಿ ಆಸ್ಪತ್ರೆಯ ಕೆಲಸಕ್ಕೆ ಹೋದಮೇಲೆ ಮಾತಿಗೆ ಉಳಿದದ್ದು ಗೋಡೆ. ಆಗ ಅವರಿಗೆ ಸಿಕ್ಕಿದ್ದು ಅಂಬರ್ ರಿಸರ್ವ್.

ಡರ್ಹಮ್ಮಿನಿಂದ ಪೂರ್ವಕ್ಕೆ ಎರಡು ಗಂಟೆಯ ದಾರಿ. ಹೊಗೆಸೊಪ್ಪಿನ ಹೊಲ, ಚರ್ಚು, ಮತ್ತೆ ಹೊಗೆಸೊಪ್ಪು, ಮತ್ತೆ ಚರ್ಚು. ಕೊನೆಗೊಂದು ತೊರೆ, ಅದರ ದಡದ ಕಪ್ಪು ಮಣ್ಣಿನಲ್ಲಿ ಅಂಬರ್: ಡೈನೋಸಾರ್ ಕಾಲದ ಮರದಂಟು ಕಲ್ಲಾದದ್ದು. ಹೆಚ್ಚಿನವು ಸಾಸಿವೆ ಕಾಳಿನಷ್ಟು. ಸಾಸಿವೆ ಡಬ್ಬಿ ಮನೆಯಲ್ಲೇ ಇರುವಾಗ ಇಷ್ಟು ದೂರ ಬರುವವರ ತಲೆ ನೆಟ್ಟಗಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ನನಗೆ ಕಾರಿರಲಿಲ್ಲ, ಶನಿವಾರದ ದಿನಸಿಗೆ ಅವರೇ ಗತಿ. ಅಂಬರ್ ನೋಡದೆ ಅಕ್ಕಿ ಸಿಗುತ್ತಿರಲಿಲ್ಲ.

ಹೊಗೆಸೊಪ್ಪು ಒಣಗಿಸುತ್ತಿದ್ದ ಹಳೇ ಕೊಟ್ಟಿಗೆಯೇ ಅಲ್ಲಿನ ಮ್ಯೂಸಿಯಂ. ಯಜಮಾನಿ ಮಿಸ್ ಲೂಎಲ್ಲಾ, ಎಪ್ಪತ್ತು ದಾಟಿದ ಹೆಂಗಸು, ಅದೇ ಊರಿನವರು. ಗಾಜಿನ ಪೆಟ್ಟಿಗೆಯಲ್ಲಿ ತೆಂಗಿನಕಾಯಿ ಗಾತ್ರದ ಹಳದಿ ಗಟ್ಟಿಯೊಂದಿತ್ತು. ಅವರ ತಾತ ತೊರೆಯ ದಡದಲ್ಲಿ ಅಗೆದು ತೆಗೆದದ್ದಂತೆ. ಮ್ಯೂಸಿಯಮ್ಮಿಗೆ ಅದೇ ಪಟ್ಟದಾನೆ. ಬಂದವರಿಗೆ ವಿವರಿಸುವ ಗೈಡುಗಳಿಗೆ ತೋಳಿಲ್ಲದ ಹಸಿರು ಕೋಟು, ಎದೆಯ ಮೇಲೆ ಹೆಸರು. ಕೇಶವಮೂರ್ತಿಗಳ ಕಣ್ಣು ಆ ಕೋಟಿನ ಮೇಲೆ.

"ಜನ ಅವರಾಗೇ ಬಂದು ಕ್ವೆಶ್ಚನ್ ಕೇಳ್ತಾರೆ ಕಣಯ್ಯ," ಅಂದರು ಒಮ್ಮೆ, ಡ್ರೈವ್ ಮಾಡುತ್ತಾ. "ನಾನಾಗಿ ಹೋಗಿ ಹಿಡ್ಕೋಬೇಕಾಗಿಲ್ಲ."

ಅವರಿಗೆ ಎಲ್ಲ ಗೊತ್ತಿತ್ತು ಹಾಗಾದರೆ. ನನಗೆ ನಾಚಿಕೆಯಾಯಿತು. ಕಿಟಕಿಯಾಚೆಯ ಚರ್ಚುಗಳನ್ನು ನೋಡುತ್ತಾ ಕೂತೆ.

ನಾಲ್ಕು ತಿಂಗಳು ಕಾಡಿದ ಮೇಲೆ ಲೂಎಲ್ಲಾ ಒಪ್ಪಿದರು. ಚರ್ಚಿನಿಂದ ಬರುವ ಇಪ್ಪತ್ತು ಜನಕ್ಕೆ ಒಂದು ಟ್ರಯಲ್ ಟೂರ್; ಅದು ಸರಿಹೋದರೆ ಕೋಟು.

ದೇವರಾಣೆ, ಚೆನ್ನಾಗಿಯೇ ಮಾಡಿದರು. ಕೊನೆಯದು ಸೂಜಿ ಪರೀಕ್ಷೆ. ಕಾಸಿದ ಸೂಜಿ ತಾಗಿಸಿದರೆ ಅಸಲಿ ಅಂಬರ್ ಪೈನ್ ಮರದ ವಾಸನೆ ಬಿಡುತ್ತದೆ, ಸೂಜಿಗೆ ಅಂಟುವುದಿಲ್ಲ. ಖುಷಿಯಲ್ಲಿದ್ದ ಲೂಎಲ್ಲಾ ಪೆಟ್ಟಿಗೆ ತೆರೆದು, ತಾತನ ಗಟ್ಟಿಯಿಂದ ಉದುರಿದ್ದ ಚೂರೊಂದನ್ನು ಅವರ ಕೈಗಿಟ್ಟು, "ಇದರಲ್ಲೇ ತೋರಿಸಿ," ಅಂದರು.

ಸೂಜಿ ತಾಗಿತು, ಹೊಗೆ ಎದ್ದಿತು. ಪೈನೂ ಅಲ್ಲ, ಗೀನೂ ಅಲ್ಲ. ಶುಕ್ರವಾರ ಸಂಜೆ ಕೆಂಡದ ಮೇಲೆ ನಮ್ಮಜ್ಜಿ ಪುಡಿ ಎಸೆದಾಗ ಮನೆಯೆಲ್ಲ ತುಂಬುತ್ತಿದ್ದ ವಾಸನೆ. ಚೂರು ಸೂಜಿಗೆ ಅಂಟಿ ಎಳೆ ಬಂತು. ಸುಮ್ಮನಿರಿ ಅಂಕಲ್ ಎಂದು ಹಿಂದಿನಿಂದ ಕಣ್ಸನ್ನೆ ಮಾಡಿದೆ. ಗೋಂದು ಸುಮ್ಮನಿರುವ ಪ್ರಾಣಿಯೇ?

"ಓ! ದಿಸ್ ಈಸ್ ಧೂಪ್! ಪ್ಯೂರ್ ಧೂಪ್, ಮ್ಯಾಡಮ್!"

ಆ ಸೀಮೆಯ ಕಿವಿಗೆ ನಮ್ಮ ಮಹಾಪ್ರಾಣ ಹತ್ತುವುದಿಲ್ಲ. ಲೂಎಲ್ಲಾಗೆ ಕೇಳಿಸಿದ್ದು ಡೂಪ್. ಅವರ ಇಂಗ್ಲಿಷಿನಲ್ಲಿ ಹಾಗೆಂದರೆ ಮೋಸಹೋದ ಬೆಪ್ಪ.

"ನನ್ನ ತಾತ ಡೂಪಾ?"

"ನೋ ನೋ, ತಾತ ಅಲ್ಲ. ಓನ್ಲಿ ದ ಸ್ಟೋನ್."

ಚರ್ಚಿನವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಲೂಎಲ್ಲಾ ಕೆಂಪಗಾಗಿ, "ತಪ್ಪಿ ಹೇಳಿದೆ ಅಂದುಬಿಡಿ, ಅಲ್ಲಿಗೆ ಮುಗಿಯಿತು," ಅಂದರು. ಕೇಶವಮೂರ್ತಿ ಮೊಳೆಗೆ ನೇತುಹಾಕಿದ್ದ ಹಸಿರು ಕೋಟನ್ನು ನೋಡಿದರು. ಆಮೇಲೆ ಸೂಜಿಯನ್ನು.

"ಅಂಟ್ತಾ ಇದೆ, ಮ್ಯಾಡಮ್. ಅಂಟಿನ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ."

ವಾಪಸು ಬರುವಾಗ ಎರಡು ಗಂಟೆ ಅವರು ತುಟಿ ಬಿಚ್ಚಲಿಲ್ಲ. ಈ ಮನುಷ್ಯ ಒಂದು ದಿನ ಬಾಯಿ ಮುಚ್ಚಲಿ ಎಂದು ನಾನು ಹರಕೆ ಹೊತ್ತಿದ್ದೆ. ಹರಕೆ ಫಲಿಸಿತು. ಅಕ್ಕಿ ತರುವುದನ್ನು ಇಬ್ಬರೂ ಮರೆತೆವು.

ಮೂರು ವಾರದ ಮೇಲೆ, ಶನಿವಾರ ಬೆಳಿಗ್ಗೆ, ಮನೆ ಮುಂದೆ ಪಿಕಪ್ ಟ್ರಕ್ಕೊಂದು ನಿಂತಿತು. ಇಳಿದವರು ಲೂಎಲ್ಲಾ. ಕಂಕುಳಲ್ಲಿ ಟವೆಲು ಸುತ್ತಿದ ಗಟ್ಟಿ.

"ಇನ್ನೊಂದು ಸಲ ಸುಡಿ," ಅಂದರು.

ವಸಂತಾ ಆಂಟಿ ಮೊದಲು ಸ್ಮೋಕ್ ಅಲಾರಮ್ಮಿಗೆ ಶವರ್ ಕ್ಯಾಪ್ ತೊಡಿಸಿದರು. ನಮ್ಮವರ ಮನೆಯಲ್ಲಿ ಪೂಜೆ ಶುರುವಾಗುವುದೇ ಅಲ್ಲಿಂದ. ಆಮೇಲೆ ಇದ್ದಿಲು ಹೊತ್ತಿಸಿ ಒಂದು ಚೂರು ಹಾಕಿದರು. ಹೊಗೆ ತುಂಬಿತು. ಲೂಎಲ್ಲಾ ಸೋಫಾದ ಮೇಲೆ ಕಣ್ಣು ಮುಚ್ಚಿ ಕೂತರು.

"ತಾತನ ಟ್ರಂಕು," ಅಂದರು ಕೊನೆಗೆ. ಮದುವೆಗೆ ಮುಂಚೆ ತಾತ ಹಡಗಿನಲ್ಲಿ ಅಡುಗೆಯವನಾಗಿ ದೇಶದೇಶ ಸುತ್ತಿದ್ದನಂತೆ. ಅವನು ಸಾಯುವವರೆಗೂ ಆ ಟ್ರಂಕು ತೆರೆದರೆ ಇದೇ ವಾಸನೆ. "ಅವತ್ತು ಮೊದಲ ಹೊಗೆಯಲ್ಲೇ ಗೊತ್ತಾಯಿತು. ಅದಕ್ಕೇ ಸಿಟ್ಟು ಬಂದದ್ದು. ತೊರೆಯಲ್ಲಿ ಅಗೆದೆ ಅಂದ ಮುದುಕ, ಇಡೀ ಊರು ನಂಬಿತು." ನಗತೊಡಗಿದರು, ಕಣ್ಣಲ್ಲಿ ನೀರು. "ಡೂಪ್ ತಾತನಲ್ಲ, ಮಿಸ್ಟರ್ ಮೂರ್ತಿ. ನಾವು."

ಕೈಚೀಲದಿಂದ ಹಸಿರು ಕೋಟು ತೆಗೆದು ಅವರ ಮಡಿಲ ಮೇಲಿಟ್ಟರು. ಕೇಶವಮೂರ್ತಿ ಹಾಕಿಕೊಂಡರು. ಹೊಟ್ಟೆಯ ಹತ್ತಿರ ಬಿಗಿಯಾಯಿತು. ಎದೆಯ ಮೇಲಿನ ಹೆಸರು ಗಟ್ಟಿಯಾಗಿ ಅಂಟಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದರು.

ಲೂಎಲ್ಲಾ ಮುಂದಕ್ಕೆ ಬಾಗಿದರು. "ನನ್ನದೊಂದು ಪ್ರಶ್ನೆ ಇದೆ. ಈ ಧೂಪ ಬರೋದು ಯಾವ ಮರದಿಂದ?"

ವಸಂತಾ ಆಂಟಿ ನನ್ನ ಮುಖ ನೋಡಿ, ಇದ್ದ ನಾಲ್ಕು ಜನಕ್ಕೆ ಆರು ಲೋಟ ಕಾಫಿಗಾಗುವಷ್ಟು ಹಾಲಿಟ್ಟರು.