ಗೋಡೆಗೆ ಮಡಚಿದ ಮಂಚ

ಗೋಪನಕೊಪ್ಪದ ನಮ್ಮ ಫ್ಲ್ಯಾಟಿನಲ್ಲಿ ಇರುವುದು ಒಂದೇ ಕೋಣೆ, ಮೂಲೆಯಲ್ಲೊಂದು ಅಡುಗೆಕಟ್ಟೆ. ಶ್ರಾವಣ ಸೋಮವಾರ ಮಠದ ಅಯ್ಯನವರನ್ನು ಪ್ರಸಾದಕ್ಕೆ ಕರೆಯುವುದು ನಮ್ಮ ಮನೆತನದ ಪದ್ಧತಿ. ಈ ಸಲ ಅತ್ತೆಯವರು ಅನುಮಾನಿಸಿದರು.

"ಮಂಚಾನ ಅರ್ಧಾ ಮನಿ ತಿಂದೈತಿ. ಅವರನ್ನ ಎಲ್ಲಿ ಕುಂದ್ರಸ್ತೀಯವಾ? ನನ್ನ ತಂಗಿ ಮನ್ಯಾಗ ಮಾಡೂಣು."

ಶಿವ ಕೊಟ್ಟ ಮನೆ ಚಿಕ್ಕದಾದರೂ ನಮ್ಮದು. ಅಯ್ಯನವರು ಇಲ್ಲಿಗೇ ಬರಬೇಕೆಂದು ಹಟ ಹಿಡಿದೆ. ಬಡಿಗರನ್ನು ಕರೆಸಿ, ಮಂಚದ ತಲೆಭಾಗಕ್ಕೆ ಬಿಜಾಗರಿ ಹಾಕಿಸಿ ಗೋಡೆಗೆ ಕೂಡಿಸಿದೆ. ಬಾಗಿಲಿನಂತೆ ಮಡಚಿ ಮೇಲೆತ್ತಿದರೆ ನೆಲವೆಲ್ಲ ಖಾಲಿ. ಎತ್ತಿ ನೋಡಿದೆವು. ಕಾಲಿಡುವ ತುದಿ ಹೋಗಿ ಗೋಡೆಯಲ್ಲಿ ಎತ್ತರಕ್ಕಿದ್ದ ದೇವರ ಮಾಡದ ಪಕ್ಕಕ್ಕೇ ನಿಂತಿತು.

"ಪಾಡಾತು," ಎಂದರು ಅತ್ತೆಯವರು. "ಇನ್ನ ಶಿವಾ ನಮ್ಮ ಕಾಲ ನೋಡ್ಕೋತ ಕುಂದರಬೇಕು."

ನನಗೂ ನಗು ಬಂತು. ಮರುದಿನ ಬಡಿಗರು ಬಿಜಾಗರಿಯನ್ನು ಮಂಚದ ಉದ್ದನೆಯ ಬದಿಗೆ ಬದಲಿಸಿದರು. ಈಗ ಎತ್ತಿದರೆ ಅದು ಎದೆಯ ಮಟ್ಟಕ್ಕೆ, ದೇವರಿಗಿಂತ ಎಷ್ಟೋ ಕೆಳಗೆ ನಿಲ್ಲುತ್ತದೆ.

ಸೋಮವಾರ ಅಯ್ಯನವರು ಬಂದರು. ಪಾದಪೂಜೆಯಾದ ಮೇಲೆ ಅವರೆದುರಿಗೆ ನಾವು ಎಂಟು ಜನ ಸಾಲಾಗಿ ಕುಳಿತು ಹೋಳಿಗೆ ಉಂಡೆವು. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗಲಿಲ್ಲ. ಅತ್ತೆಯವರು ಪ್ರಸಾದಕ್ಕೆ ಬಂದಿದ್ದ ತಂಗಿಯ ಕಡೆ ತಿರುಗಿ, "ನೀನೂ ಈ ಬಡಿಗ್ಯಾನ ಕರಸವಾ. ನಿಮ್ಮ ಮನ್ಯಾಗ ಕಾಲಿಡಾಕ ಜಾಗಿಲ್ಲ," ಎಂದರು.