ಪರದೆಗೆ ಬೆನ್ನು ಮಾಡಿದ ಕಾಕಾ

ಕಾಖಂಡಕಿಯ ಕುಸ್ತಿ ಕಣದಲ್ಲಿ ಮೈಕು ಹಿಡಿದು ಜನರನ್ನು ಹುರಿದುಂಬಿಸುತ್ತಿದ್ದ ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಮಾತಿಗೆ ಮೊದಲು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವರು. ಪ್ರತಿ ಕುಸ್ತಿಯಲ್ಲೂ ಒಂದೇ ಮಾತು: "ಮುಖಾ ನೋಡ್ರಿ, ಮುಖಾ!"

ಬಬಲೇಶ್ವರದಲ್ಲಿ ನಾವು ಗೆಳೆಯರು ವಿಡಿಯೊ ಗೇಮ್ ಪಂದ್ಯ ಇಟ್ಟಾಗ ಅವರನ್ನೇ ಕರೆದೆವು. ದೊಡ್ಡ ಪರದೆಯ ಮೇಲೆ ಇಬ್ಬರು ಹೊಡೆದಾಡುವ ಆಟ. ಕುತೂಹಲಕ್ಕೆ ಬಂದಿದ್ದ ಜನ ಏನೂ ತಿಳಿಯದೆ ಒಬ್ಬೊಬ್ಬರೇ ಏಳತೊಡಗಿದ್ದರು.

"ಕಾಕಾ, ಈ ಆಟ ನಿಮಗ ತಿಳಿತೈತೇನ್ರಿ?" ಎಂದೆ ಅಳುಕುತ್ತ.

"ಆಟ ತಿಳಿಯೂದಿಲ್ಲೋ ತಮ್ಮಾ. ಆಡವ್ರು ತಿಳಿತಾರ."

ಅವರು ಪರದೆಗೆ ಬೆನ್ನು ಮಾಡಿ ಆಟಗಾರರ ಎದುರು ನಿಂತರು. ಆಡುತ್ತಿದ್ದವರು ಟಿಕೋಟಾದ ಒಬ್ಬ ಹುಡುಗಿ ಮತ್ತು ಒಬ್ಬ ಹುಡುಗ. ಇನ್ನೊಂದು ಏಟು ಬಿದ್ದರೆ ಹುಡುಗಿ ಸೋಲುತ್ತಾಳೆಂದು ನಾನು ಅವರ ಕಿವಿಯಲ್ಲಿ ಹೇಳಿದೆ.

"ಟಿಕೋಟಾದ ಹುಡುಗಿ ನೋಡ್ರಿ! ಇನ್ನೊಂದು ಏಟು ಬಿದ್ರ ಮುಗೀತು. ಹಲ್ಲು ಕಚ್ಚಿ ಹಿಡದಾಳ. ಎದುರಿನಾಂವ ಆಗಲೇ ನಗಾಕತ್ತಾನ. ಮುಖಾ ನೋಡ್ರಿ, ಮುಖಾ!"

ಎದ್ದವರು ನಿಂತಲ್ಲೇ ನಿಂತರು. ಹುಡುಗಿ ಒಂದೊಂದೇ ಏಟು ತಪ್ಪಿಸಿಕೊಂಡು ತಿರುಗಿ ಹೊಡೆಯತೊಡಗಿದಳು. ಎದುರಾಳಿಯ ನಗು ಮಾಯವಾಯಿತು. ಕಾಕಾ ಮೈಕು ಕೆಳಗಿಳಿಸಿ ಅವಳ ಮುಖವನ್ನೇ ನೋಡುತ್ತ ನಿಂತರು.

ಮರುಕ್ಷಣ ಕೂಗು, ಸೀಟಿ. ಜನ ಕುರ್ಚಿ ಹತ್ತಿ ಕುಣಿದರು. ಹುಡುಗಿ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಕಾಕಾ ಗಾಬರಿಯಿಂದ ನನ್ನ ತೋಳು ಹಿಡಿದರು.

"ಸೋತಳೇನೋ ತಮ್ಮಾ?"

"ಇಲ್ರಿ ಕಾಕಾ, ಗೆದ್ದಾಳ."

ಅದನ್ನು ಜನರಿಗೆ ಹೇಳಲು ಮೈಕು ಎತ್ತಿದರು. ಮತ್ತೆ ಕೆಳಗಿಳಿಸಿ, ಹೆಗಲ ಮೇಲಿನ ರುಮಾಲಿನಿಂದ ತಮ್ಮ ಮುಖವನ್ನೇ ಮುಚ್ಚಿಕೊಂಡರು.