ಎ, ಇ, ಟಿ ಮತ್ತು ಅಜ್ಜಿಯ ತೀರ್ಪು

ಮೊದಲೇ ಹೇಳಿಬಿಡುತ್ತೇನೆ: ಎ, ಇ, ಟಿ ಅನ್ನುವ ಮೂರೇ ಅಕ್ಷರ ಎದುರಿಗಿದ್ದ ದಿನ, ಮನೆಗೆಲ್ಲ ನಾನೇ ಚುರುಕು ಅಂತ ಮೆರೆಯುತ್ತಿದ್ದವನು ಎಲ್ಲರಿಗಿಂತ ದೊಡ್ಡ ಪೆದ್ದನಾದೆ. ಮೊನ್ನೆ ಪಕ್ಕದ ಬೀದಿಯಲ್ಲಿ ಯಾರೋ ಹಳೇ ಬೀಟೆ ಮಂಚಕ್ಕೆ ಗರಗಸ ಹಾಕಿದ್ದರು. ಆ ಹೊಟ್ಟಿನ ಸಿಹಿ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಹುಣಸೂರಿನ ಅಜ್ಜಿ ಮನೆಯ ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದೆ.

ತಾತ ಅಲ್ಲಿನ ಸಾಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದರು. ಅವರ ಅಂಗಿ ಒಗೆದ ಮೇಲೂ ಬೀಟೆಯ ವಾಸನೆ ಬಿಡುತ್ತಿರಲಿಲ್ಲ. ದಿಮ್ಮಿಗಳ ತುದಿಗೆ ಬಣ್ಣದಲ್ಲಿ ಬರೆದ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನೋಡಿ ಅವುಗಳ ಆಕಾರ ಕೈಗೆ ಬಂದಿತ್ತು. ಉಳಿದ ಚೂರುಗಳಲ್ಲಿ ಅಂಗೈಯಗಲದ ಅಕ್ಷರ ಕೊರೆದು ಜೇಬಲ್ಲಿ ಹಾಕಿಕೊಂಡು ಬರುತ್ತಿದ್ದರು. ಎ ಬೀಟೆಯದು, ಟಿ ತೇಗದ್ದು, ಇ ಹೊನ್ನೆಯದು. ಕಾಲೇಜಿಗೆ ಹೋಗುತ್ತಿದ್ದ ಚಿಕ್ಕಮ್ಮ ಅವುಗಳಿಂದ ಒಂದು ಆಟ ಕಟ್ಟಿದಳು. ಬೇಸಿಗೆ ರಜೆಗೆ ನಾನು ಸರಗೂರಿನಿಂದ ಬಸ್ಸಲ್ಲಿ ಬಂದಿಳಿದ ಸಂಜೆಯೇ ಶುರು. ಎ, ಟಿ ಎರಡನ್ನೂ ಜಗುಲಿಯ ಮೇಲಿಡುವುದು; ಅವುಗಳ ಮುಂದೆ ಸಿ ಬಂದರೆ ಬೆಕ್ಕು, ಆರ್ ಬಂದರೆ ಇಲಿ, ಎಂ ಬಂದರೆ ಚಾಪೆ. ಆದರೆ ಅರ್ಥವನ್ನು ಬಾಯಲ್ಲಿ ಹೇಳುವಂತಿಲ್ಲ, ಆಡಿ ತೋರಿಸಬೇಕು. ತೀರ್ಪು ಅಜ್ಜಿಯದು. ಅಜ್ಜಿಗೆ ಇಂಗ್ಲಿಷ್ ಬಾರದು, ಅದಕ್ಕೇ ಅವಳು ಜಡ್ಜಿ: ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಓರೆಗಣ್ಣಲ್ಲಿ ನೋಡಿ ಸರಿಯಾದ ಕನ್ನಡ ಹೇಳಿದರೆ ಪದ ಪಾಸು. ಬೆಕ್ಕು ಬಂದರೆ ನಾನು ಹಾಲಿನ ಪಾತ್ರೆ ಸುತ್ತ ಸುಳಿಯುವ ಮಾವನನ್ನೇ ಆಡುತ್ತಿದ್ದೆ. ಫ್ಯಾಟ್ ಬಂದರೆ ಚಿಕ್ಕಮ್ಮ, "ನೀನೇನೂ ಆಡ್ಬೇಡ ಕಣೋ, ಸುಮ್ನೆ ನಡ್ಕಂಡ್ ಬಾ ಸಾಕು" ಅನ್ನುತ್ತಿದ್ದಳು. ತಾತ ಕಂಬಕ್ಕೆ ಒರಗಿ ಹೊಟ್ಟೆ ಕುಣಿಸಿ ನಗುತ್ತಿದ್ದರು. ಅಜ್ಜಿ ಅವರನ್ನು ಎದುರಿಗಿದ್ದರೆ "ಇಕಾ" ಅಂತಲೂ ಇಲ್ಲದಿದ್ದರೆ "ನಿಮ್ ತಾತ" ಅಂತಲೂ ಅನ್ನುತ್ತಿದ್ದಳು. ಅದಕ್ಕಿಂತ ಹತ್ತಿರದ ಮಾತು ಆ ಬಾಯಲ್ಲಿ ನಾವು ಕೇಳಿದ್ದೇ ಇಲ್ಲ.

ಒಂದು ರಜೆಗೆ ಹೋದಾಗ ತಾತನಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಹೋಗಿತ್ತು. ಜಗುಲಿಯ ಮಂಚದ ಮೇಲೆ ಮಲಗಿರುತ್ತಿದ್ದರು. ನೋಡಲು ಬಂದವರು ಅವರ ಎದುರೇ, "ಊಟ ಸೇರ್ತದಾ? ನಾವಾಡೋ ಮಾತು ಗೊತ್ತಾಯ್ತದಾ?" ಅಂತ ಬೇರೆಯವರನ್ನು ಕೇಳುತ್ತಿದ್ದರು. ತಾತ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಹೀಗೇ ಬಿಟ್ಟರೆ ಈ ಕಡೆ ತಿರುಗುವುದೇ ಇಲ್ಲವೇನೋ ಅಂತ ನನಗೆ ದಿಗಿಲಾಯಿತು. ಅಟ್ಟದಿಂದ ಅಕ್ಷರದ ಚೀಲ ಇಳಿಸಿ ಅವರ ಎಡಗೈ ಪಕ್ಕದಲ್ಲಿ ಸುರಿದೆ. ಬಹಳ ಹೊತ್ತು ತಡವರಿಸಿ ಟಿ, ಇ, ಎ ಜೋಡಿಸಿದರು. "ಟೀ ಕೇಳ್ತಾವ್ರೆ!" ಅಂತ ಕೂಗಿದೆ. ಚಿಕ್ಕಮ್ಮ ಓಡಿಹೋಗಿ ಟೀ ತಂದಳು. ತಾತ ಲೋಟ ತಳ್ಳಿದರು. ಅವೇ ಅಕ್ಷರಗಳನ್ನು ಇ, ಎ, ಟಿ ಅಂತ ಬದಲಾಯಿಸಿದರು. "ಈಟ್! ಹಸಿವಾಗದೆ!" ಅಂದೆ. ಮುದ್ದೆ ಬಂತು, ತಟ್ಟೆಯನ್ನೂ ತಳ್ಳಿದರು. ಮತ್ತೆ ಟಿ ಮುಂದಕ್ಕೆ ಬಂತು. "ಸಕ್ಕರೆ ಹಾಕಿಲ್ಲ ಅಂತ ಮುನಿಸು ಚಿಕ್ಕಮ್ಮ, ತಾತನ್ ಭಾಷೆ ನಂಗ್ ಗೊತ್ತು" ಅಂತ ಬೀಗಿದೆ. ಸಕ್ಕರೆ ಟೀಯೂ ಬಂತು. ತಾತನ ಕಣ್ಣಲ್ಲಿ ನೀರು ತುಂಬಿತು.

ಅಜ್ಜಿ ಹುಣಸೆಹಣ್ಣಿನ ಮೊರದಿಂದ ತಲೆಯೆತ್ತಿದಳು. "ಕೇಳ್ತಿಲ್ಲ ಕಣ್ರಲಾ, ಆಡ್ತಾವ್ರೆ. ಪದ ಇಟ್ಬುಟ್ಟು ಆಗ್ಲಿಂದ ಕಾಯ್ತಾವ್ರೆ. ಎದ್ ನಿಂತು ಆಡೋರ್ ಒಬ್ರೂ ಇಲ್ವಾ ಈ ಮನೇಲಿ?"

ಆ ಮನೆ ಈಗಿಲ್ಲ. ಜಗುಲಿ ಇದ್ದ ಕಡೆ ಮೊಬೈಲ್ ಅಂಗಡಿಯ ಶಟರ್ ಇದೆ. ತಾತ ಹೋದರು, ಹಿಂದೆಯೇ ಅಜ್ಜಿ. ಚೀಲ ನನ್ನ ಹತ್ತಿರವಿದೆ, ಎಷ್ಟೋ ಅಕ್ಷರ ಕಳೆದುಹೋಗಿವೆ. ಬೀಟೆಯ ಎ ಮಾತ್ರ ಮೂಗಿನ ಹತ್ತಿರ ಹಿಡಿದರೆ ಇನ್ನೂ ತಾತನ ಅಂಗಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಚೀಲ ಇದ್ದೀತು, ಬಿಚ್ಚಲು ಧೈರ್ಯವಾಗದೆ ಮೇಲೆಲ್ಲೋ ಇಟ್ಟಿರುತ್ತೀರಿ. ಆದರೆ ಆ ಸಂಜೆ ಇಬ್ಬರೂ ಇದ್ದರು, ಮತ್ತು ನಾನು ಎದ್ದು ನಿಂತೆ. ತಾತನ ಟವಲ್ಲು ಹೆಗಲಿಗೆ ಹಾಕಿಕೊಂಡೆ. ಟೀಯನ್ನು ಬಸಿಗೆ ಸುರಿದು, ಊದಿ, ಒಂದು ಕಣ್ಣು ಮುಚ್ಚಿ ಸೊರ್ರನೆ ಎಳೆದು, ನನಗಿಲ್ಲದ ಮೀಸೆ ಒರೆಸಿಕೊಂಡು, "ಹಾಂ... ಈಗ ಜೀವ ಬಂತು" ಅಂತ ಕಂಬಕ್ಕೆ ಒರಗಿದೆ, ಮಿಲ್ಲಿಂದ ಬಂದ ತಾತ ದಿನವೂ ಒರಗುತ್ತಿದ್ದ ಹಾಗೆಯೇ. ಮಂಚದ ಮೇಲಿಂದ ಗೊರಗೊರ ಸದ್ದು ಬಂತು. ತಾತನ ಅರ್ಧ ಬಾಯಿ ನಗುತ್ತಿತ್ತು, ಉಳಿದರ್ಧ ಅದನ್ನು ಹಿಡಿಯಲು ಹೆಣಗುತ್ತಿತ್ತು.

ಉತ್ತರ ಮನೆಮಂದಿಗೆಲ್ಲ ಗೊತ್ತಿದ್ದ ಪದ, ಪಾಸು ಖಾತ್ರಿ. "ಹೇಳಜ್ಜಿ, ಏನಿದು?" ಅಂತ ಎದೆಯುಬ್ಬಿಸಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ಮಂಚದ ಕಡೆ ನೋಡಿದಳು.

"ಟೀ ಅಲ್ಲ ಕಣ್ಲಾ ಇದು, ನನ್ ಗಂಡ. ಫೇಲು, ಕೂತ್ಕೋ."